ಮೊಬೈಲಿನಲ್ಲಿ 23, ಪರೀಕ್ಷೆಯಲ್ಲಿ 35

(ಗುರುತು ಸಿಗದಂತೆ ವಿವರ ಬದಲಿಸಿದೆ)

ಸಿಬಿಎಸ್‌ಇ ಹತ್ತನೇ ತರಗತಿಯ ಹುಡುಗಿ. ಡಿಸ್ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆ-ಲೆಕ್ಕ ಹಿಡಿಯುವುದೇ ಕಷ್ಟವಾಗುವ ಕಲಿಕಾ ತೊಂದರೆ, ಇದೆಯೆಂಬ ಪ್ರಮಾಣಪತ್ರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಕ್ಯಾಲ್ಕುಲೇಟರಿಗೆ ಒಪ್ಪಿಗೆಯೂ ಸಿಕ್ಕಿತ್ತು. ಆದರೂ ಬೋರ್ಡ್ ಪರೀಕ್ಷೆಗೆ ಮುಂಚೆ ಶಾಲೆ ನಡೆಸುವ ಪ್ರಿ-ಬೋರ್ಡ್‌ನಲ್ಲಿ ಗಣಿತದ ಅಂಕ ಇಳಿಯಿತು. "ಮನೇಲಿ ಎಲ್ಲಾ ಸರಿಯಾಗಿ ಮಾಡ್ತಾಳೆ ಮೇಡಂ, ಅಲ್ಲಿ ಹೋದ್ರೆ ಹೆದರ್ತಾಳೆ" ಎಂದರು ತಾಯಿ.

ಉತ್ತರಪತ್ರಿಕೆ ತರಿಸಿ ನೋಡಿದರೆ ಸೂತ್ರ ಸರಿ, ಬೆಲೆ ಹಾಕಿದ್ದು ಸರಿ, ಕೊನೆಯ ಲೆಕ್ಕ ಮಾತ್ರ ತಪ್ಪು. ಭಯದ ತಪ್ಪು ಹೀಗೆ ಒಂದೇ ಕಡೆ ಬೀಳುವುದಿಲ್ಲ. ಕೇಳಿದಾಗ ತಿಳಿಯಿತು: ಮನೆಯಲ್ಲಿ ಅಭ್ಯಾಸವೆಲ್ಲ ಮೊಬೈಲಿನಲ್ಲಿ. 3 + 4 × 5 ಒತ್ತಿದರೆ ಮೊಬೈಲು ಗುಣಾಕಾರ ಮೊದಲು ಮಾಡಿ 23 ಕೊಡುತ್ತದೆ. ಪರೀಕ್ಷೆಗೆ ಬಿಡುವುದು ಕಿರಾಣಿ ಅಂಗಡಿಯಲ್ಲಿರುವಂಥ ಸಾದಾ ಕ್ಯಾಲ್ಕುಲೇಟರು. ಅದು ಒತ್ತಿದ ಕ್ರಮದಲ್ಲೇ ಕೂಡಿ, ಗುಣಿಸಿ 35 ತೋರಿಸುತ್ತದೆ. ಸಂಖ್ಯೆಯ ಅಂದಾಜು ಸಿಗುವುದೇ ಕಷ್ಟವಾದ ಮಗುವಿಗೆ ಆ 35 ತಪ್ಪೆಂದು ಹೊಳೆಯುವುದಿಲ್ಲ.

ಮೊಬೈಲನ್ನು ಆ ದಿನವೇ ಬಿಡಿಸಿದೆವು. ಸಾದಾ ಕ್ಯಾಲ್ಕುಲೇಟರಿನಲ್ಲಿ ಕಂಸವಿಲ್ಲ, ಹಾಗಾಗಿ ಮೆಮೊರಿ ಗುಂಡಿಗಳನ್ನು ಕಲಿಸಬೇಕು. ವರ್ಗ ಸಮೀಕರಣದಲ್ಲಿ ಎ 2, ಬಿ −7, ಸಿ 3 ಇದ್ದರೆ ಶೋಧಕಕ್ಕೆ (ಬಿ² − 4ಎಸಿ) ಹೀಗೆ: 7 × 7, ಎಂ ಪ್ಲಸ್ (ಮೆಮೊರಿಗೆ ಕೂಡುತ್ತದೆ); 4 × 2 × 3, ಎಂ ಮೈನಸ್ (ಮೆಮೊರಿಯಿಂದ ಕಳೆಯುತ್ತದೆ); ಮೆಮೊರಿಯಲ್ಲಿದ್ದುದನ್ನು ತೋರಿಸುವ ಎಂಆರ್‌ಸಿ ಒತ್ತಿದರೆ 25. ಋಣ ಚಿಹ್ನೆಯನ್ನು ಯಂತ್ರಕ್ಕೆ ಬಿಡದೆ ಹಾಳೆಯಲ್ಲೇ ತೀರ್ಮಾನಿಸಬೇಕು. ಹೊಸ ಲೆಕ್ಕಕ್ಕೆ ಮುಂಚೆ ಪರದೆಯ ಮೂಲೆಯಲ್ಲಿ ಪುಟ್ಟ 'ಎಂ' ಕಂಡರೆ ಹಳೆಯ ಸಂಖ್ಯೆ ಒಳಗೇ ಕೂತಿದೆ ಎಂದರ್ಥ; ಎಂಆರ್‌ಸಿ ಎರಡು ಸಲ ಒತ್ತಿ ಅಳಿಸಬೇಕು.

36 ನೋಡಿ 63 ಒತ್ತುವ ತೊಂದರೆಯೂ ಇವಳಿಗಿದೆ. ಸಂಖ್ಯೆಯ ಕೆಳಗೆ ಬೆರಳಿಟ್ಟು ಒತ್ತಲಿ, ಪ್ರತಿ ಲೆಕ್ಕವನ್ನೂ ಎರಡು ಸಲ ಮಾಡಲಿ. ಮೂರು ಗಂಟೆಯ ಪತ್ರಿಕೆಗೆ ಹೆಚ್ಚುವರಿ ಒಂದು ಗಂಟೆ ಸಿಗುತ್ತದೆ, ಅದನ್ನು ಇದಕ್ಕೇ ಖರ್ಚು ಮಾಡಬಹುದು. ಹಂತಗಳನ್ನು ಬರೆಯುವುದು ಬಿಡಬಾರದು, ಅಂಕವಿರುವುದು ಅಲ್ಲೇ. √2 ಎಂದು ಬಿಡಬೇಕಾದ ಕಡೆ 1.414 ಬರೆಯುವ ಆಸೆಯೂ ಬೇಡ.

ತಾಯಿಗೆ ಹೇಳಿದ್ದು ಒಂದೇ: ಬೋರ್ಡ್ ಪರೀಕ್ಷೆಗೆ ಯಾವ ಕ್ಯಾಲ್ಕುಲೇಟರು, ಯಾರು ತರಬೇಕು ಎಂದು ಶಾಲೆಯಿಂದ ಈಗಲೇ ಬರವಣಿಗೆಯಲ್ಲಿ ಪಡೆಯಿರಿ. ಯಾವ ಸೂತ್ರ ಹಾಕಬೇಕೆಂಬುದನ್ನು ಯಂತ್ರ ಹೇಳುವುದಿಲ್ಲವಾದ್ದರಿಂದ ವಿಶೇಷ ಶಿಕ್ಷಕಿಯ ಪಾಠ ನಿಲ್ಲಿಸಬೇಡಿ.

ಎರಡು ವಾರದ ಬಳಿಕ ಹತ್ತು ಲೆಕ್ಕ ಕೊಟ್ಟೆವು. ತಪ್ಪಿದ್ದು ಎರಡು, ಎರಡರಲ್ಲೂ ಮೆಮೊರಿ ಅಳಿಸಿರಲಿಲ್ಲ. ಈಗ ಅದೊಂದೇ ಅಭ್ಯಾಸ ನಡೆಯುತ್ತಿದೆ.