ಸ್ಕ್ರೂ ಹಾಕಿಸಿಕೊಳ್ಳುವ ಮೊದಲು ಕೇಳಬೇಕಾದ ಮಾತು

ಪ್ರಶ್ನೆ: ನನಗೆ 49 ವರ್ಷ. ವಿಜಯನಗರದಲ್ಲಿ ಮನೆ, ಕೆಂಗೇರಿಯ ಶಾಲೆಯೊಂದರಲ್ಲಿ ಟೀಚರ್. ಮೂರು ವರ್ಷದಿಂದ ಸೊಂಟನೋವು. ಬಗ್ಗಿದರೆ, ಕೂತು ಎದ್ದರೆ ಹಿಡಿದುಕೊಳ್ಳುತ್ತದೆ, ಕಾಲಿಗೆ ಇಳಿಯುವುದಿಲ್ಲ. ಎಲ್‌4–ಎಲ್‌5 ಡಿಸ್ಕ್, ಅಂದರೆ ಸೊಂಟದ ನಾಲ್ಕನೆಯ, ಐದನೆಯ ಮೂಳೆಗಳ ನಡುವಿನ ಮೆತ್ತೆ, ಸವೆದು ಉಬ್ಬಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಸ್ಕ್ರೂ, ರಾಡ್ ಹಾಕಿ ಮೂಳೆ ಕೂಡಿಸುವ ಆಪರೇಷನ್ ಆಗಬೇಕು ಎಂದಿದ್ದಾರೆ ಡಾಕ್ಟರು. ಯಜಮಾನರು ಮಾರ್ಚ್‌ನಲ್ಲಿ ನಿವೃತ್ತರಾಗುತ್ತಾರೆ, ಆಫೀಸಿನ ಇನ್ಶೂರೆನ್ಸ್ ಇರುವಾಗಲೇ ಮಾಡಿಸಿಬಿಡೋಣ ಎನ್ನುತ್ತಾರೆ. ಬೆನ್ನಿಗೆ ಕತ್ತಿ ಸೋಕಿದರೆ ಹಾಸಿಗೆ ಹಿಡಿಯುತ್ತೀಯ ಅಂತ ಅತ್ತೆ. ಫಿಸಿಯೋಥೆರಪಿ ಹತ್ತು ದಿನ ಮಾಡಿದೆ, ಆಮೇಲೆ ಪುರುಸೊತ್ತೇ ಆಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮನ್ನು ಪರೀಕ್ಷೆ ಮಾಡದೆ ಆಪರೇಷನ್ ಬೇಕು, ಬೇಡ ಎಂದು ನಾನು ಹೇಳಲಾರೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಕಾಲಿಗೆ ಇಳಿಯುವುದಿಲ್ಲ’ ಎಂಬಲ್ಲಿ. ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ.

ಜಾರಿದ ಡಿಸ್ಕ್ ನರವನ್ನು ಒತ್ತಿದಾಗ ನೋವು ಮಂಡಿ ದಾಟಿ ಪಾದದವರೆಗೆ ಸೆಳೆಯುತ್ತದೆ, ಜೋಮು ಹಿಡಿಯುತ್ತದೆ. ಒತ್ತುತ್ತಿರುವ ಚೂರನ್ನು ತೆಗೆದರೆ ಆ ಕಾಲುನೋವು ಬೇಗ ಇಳಿಯುತ್ತದೆ. ಬರೀ ಸೊಂಟನೋವಿಗೆ ಮೂಳೆ ಕೂಡಿಸುವುದು ಬೇರೆಯೇ ವಿಷಯ. ಬ್ರಿಟನ್ನಿನಲ್ಲಿ ಬಹುಕಾಲದ ಸೊಂಟನೋವಿದ್ದ 349 ಜನರಲ್ಲಿ ಕೆಲವರಿಗೆ ಈ ಆಪರೇಷನ್, ಉಳಿದವರಿಗೆ ಸುಮಾರು ಮೂರು ವಾರ ದಿನವಿಡೀ ವ್ಯಾಯಾಮ ಮತ್ತು ತರಬೇತಿ ಕೊಟ್ಟು ಎರಡು ವರ್ಷ ಗಮನಿಸಿದರು. ಆಪರೇಷನ್ನೇ ಮೇಲು ಎನ್ನುವಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಎಂಆರ್‌ಐ ವರದಿ ಓದಿ ನೀವು ಹೆದರಿದ್ದೀರಿ, ಯಾರಾದರೂ ಹೆದರುತ್ತಾರೆ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ 2015ರ ವಿಶ್ಲೇಷಣೆಯೊಂದಿದೆ. ಅದರ ಪ್ರಕಾರ 50ರ ವಯಸ್ಸಿನವರಲ್ಲಿ ನೂರಕ್ಕೆ 80 ಮಂದಿಗೆ ಡಿಸ್ಕ್ ಸವೆದಿರುತ್ತದೆ, 60 ಮಂದಿಗೆ ಉಬ್ಬಿರುತ್ತದೆ. ನಿಮ್ಮ ನೋವು ಸುಳ್ಳು ಅಂತಲ್ಲ, ಖಂಡಿತ ಅಲ್ಲ. ನೋವಿಗೆ ಆ ಉಬ್ಬೇ ಕಾರಣ ಎಂದು ಫಿಲ್ಮ್ ನೋಡಿದ ಮಾತ್ರಕ್ಕೆ ಹೇಳಲಾಗದು ಅಷ್ಟೆ.

ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ‘ಈ ಆಪರೇಷನ್‌ನಿಂದ ನನ್ನ ಯಾವ ನೋವು ಹೋಗುತ್ತೆ, ಎಷ್ಟು ಹೋಗುತ್ತೆ? ಮೂಳೆ ಮುಂದಕ್ಕೆ ಜರುಗಿದೆಯಾ, ಅಲುಗಾಡ್ತಿದೆಯಾ?’ ಜರುಗಿದ್ದರೆ ಲೆಕ್ಕ ಬೇರೆ, ಆಗ ಸ್ಕ್ರೂ ಹಾಕಲು ಕಾರಣವಿರಬಹುದು. ಇನ್ನೊಬ್ಬ ತಜ್ಞರಿಗೂ ತೋರಿಸಿ. ನಿಮ್ಹಾನ್ಸ್‌ನ ನರಶಸ್ತ್ರಚಿಕಿತ್ಸಾ ವಿಭಾಗವಿದೆ, ಜಯನಗರದಲ್ಲಿ ಸಂಜಯ ಗಾಂಧಿ ಮೂಳೆ ಆಸ್ಪತ್ರೆಯಿದೆ. ವರದಿಯ ಹಾಳೆಯಷ್ಟೇ ಸಾಲದು, ಫಿಲ್ಮ್ ಒಯ್ಯಿರಿ.

ಅತ್ತೆಯವರ ಭಯಕ್ಕೂ ಉತ್ತರ ಕೊಡಬೇಕು. ಬೆನ್ನುಹುರಿ ಸೊಂಟದ ಮೊದಲ, ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ನಾಲ್ಕು-ಐದರ ನಡುವೆ ಇರುವುದು ಅದರಿಂದ ಇಳಿದು ಬಂದ ನರಗಳು. ಸೋಂಕು, ನರಕ್ಕೆ ಪೆಟ್ಟು, ಮತ್ತೆ ನೋವು ಮರುಕಳಿಸುವುದು, ಈ ಅಪಾಯಗಳು ಇದ್ದೇ ಇವೆ. ಆದರೆ ಆಪರೇಷನ್ ಆದವರೆಲ್ಲ ಹಾಸಿಗೆ ಹಿಡಿಯುತ್ತಾರೆ ಎನ್ನುವುದು ನಿಜವಲ್ಲ.

ಇನ್ನು ನನಗೆ ಸಂಕಟವಾದ ಸಾಲು: ‘ಪುರುಸೊತ್ತೇ ಆಗಲಿಲ್ಲ.’ ಮೂರು ವರ್ಷದ ನೋವಿಗೆ ಹತ್ತು ದಿನದ ವ್ಯಾಯಾಮ. ಅದೂ ಬೆಳಗ್ಗೆ ತಿಂಡಿ, ಡಬ್ಬಿ, ಅತ್ತೆಯವರ ಕಾಫಿ ಎಲ್ಲದರ ನಡುವೆ. ತಪ್ಪು ನಿಮ್ಮದಲ್ಲ. ಆದರೆ ಫಿಸಿಯೋಥೆರಪಿ ಮಾಡಿ ನೋಡಿಯಾಯಿತು, ಫಲ ಸಿಗಲಿಲ್ಲ ಎಂದು ಬರೆದುಕೊಂಡು ಆಪರೇಷನ್ ಕಡೆ ಹೋಗಬೇಡಿ. ನೀವು ಅದನ್ನು ಇನ್ನೂ ಮಾಡಿಯೇ ಇಲ್ಲ. ಮೂರು ತಿಂಗಳು ದಿನಾ ಮುಕ್ಕಾಲು ಗಂಟೆ ನಿಮ್ಮದಾಗಬೇಕು. ಆ ಹೊತ್ತಿನಲ್ಲಿ ಒಲೆ ಮುಂದೆ ಯಜಮಾನರು ನಿಲ್ಲಲಿ. ಆಪರೇಷನ್ ಆದರೂ ವಾರಗಟ್ಟಲೆ ಅವರೇ ನಿಲ್ಲಬೇಕಲ್ಲ? ಆ ಮಾತನ್ನು ಇವತ್ತು ರಾತ್ರಿ ಊಟದ ಹೊತ್ತಿಗೇ ಎತ್ತಿ. ಮೈಸೂರು ರಸ್ತೆಯ ಹಂಪುಗಳ ಮೇಲೆ ಸ್ಕೂಟರ್ ಓಡಿಸುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ. ವಿಜಯನಗರದಿಂದ ಕೆಂಗೇರಿಗೆ ನೇರಳೆ ಮಾರ್ಗದ ಮೆಟ್ರೋ ಇದೆ. ನಡಿಗೆಯನ್ನು ನಿಲ್ಲಿಸಬೇಡಿ, ನೋವೆಂದು ಮಲಗಿಯೇ ಇದ್ದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ.

ಇನ್ಶೂರೆನ್ಸ್ ವಿಷಯ: ಮಾರ್ಚ್ ತಿಂಗಳು ನಿಮ್ಮ ಬೆನ್ನಿನ ಗಡುವಲ್ಲ. ಆಫೀಸಿನ ಪಾಲಿಸಿಯನ್ನು ಅದೇ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದೇ, ಈವರೆಗಿನ ವರ್ಷಗಳನ್ನು ಕಾಯುವ ಅವಧಿಗೆ (ಮೊದಲೇ ಇದ್ದ ಕಾಯಿಲೆಗೆ ಹಣ ಸಿಗುವ ಮುನ್ನ ಕಾಯಬೇಕಾದ ಸಮಯಕ್ಕೆ) ಲೆಕ್ಕ ಹಿಡಿಯುತ್ತಾರೆಯೇ ಎಂದು ಯಜಮಾನರು ಈಗಲೇ ಬರವಣಿಗೆಯಲ್ಲಿ ಕೇಳಲಿ. ನಿವೃತ್ತಿಯ ದಿನದವರೆಗೆ ಕಾಯುವುದು ಬೇಡ.

ಒಂದು ಎಚ್ಚರಿಕೆ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಮಲದ ಹಿಡಿತ ಹೋದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಪಾದ ಎತ್ತಲಾಗದೆ ಜೋತುಬಿದ್ದರೆ ಈ ಮೂರು ತಿಂಗಳ ಲೆಕ್ಕವೆಲ್ಲ ಬದಿಗಿರಲಿ. ರಾತ್ರಿಯಾದರೂ ಸರಿ, ಕೂಡಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಗ ಅತ್ತೆಯವರ ಒಪ್ಪಿಗೆಗೆ ಕಾಯಬೇಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಒಬ್ಬರೇ ಹೋಗಬೇಡಿ. ಯಜಮಾನರು ಪಕ್ಕದಲ್ಲಿ ಕೂತು ಉತ್ತರಗಳನ್ನು ಬರೆದುಕೊಳ್ಳಲಿ.