ಹಿತ್ತಲಿಗೆ ನೆರಳು ಬಂದ ಮೇಲೆ ದೊಡ್ಡಪತ್ರೆ ಕೊಳೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕೋಲಾರದ ನಮ್ಮ ಮನೆಯ ಹಿತ್ತಲಿನ ದಕ್ಷಿಣಕ್ಕೆ ಪಕ್ಕದವರು ಎರಡು ಅಂತಸ್ತಿನ ಮನೆ ಕಟ್ಟಿಸಿದ ಮೇಲೆ ಅಲ್ಲಿ ಬಿಸಿಲು ಕಡಿಮೆಯಾಗಿದೆ. ಕಳೆದ ಜೂನ್‌ನಲ್ಲಿ ಆ ಗೋಡೆಯ ಪಕ್ಕದಲ್ಲೇ ಕೆರೆಗೋಡು (ಕೆರೆಯ ಹೂಳು), ಕೊಟ್ಟಿಗೆ ಗೊಬ್ಬರ ಬೆರೆಸಿ ಪಾತಿ ಮಾಡಿ, ದೊಡ್ಡಪತ್ರೆ ಮತ್ತು ಮರುಗ ನೆಟ್ಟು, ಬೆಳಿಗ್ಗೆ ಸಂಜೆ ತಪ್ಪದೆ ಬೋರ್‌ವೆಲ್ ನೀರು ಹಾಕಿದೆ. ಗಣೇಶನ ಹಬ್ಬದವರೆಗೆ ದೊಡ್ಡಪತ್ರೆ ಚೆನ್ನಾಗಿ ಹಬ್ಬಿತ್ತು. ದೀಪಾವಳಿಯ ನಂತರ ಬುಡ ಕಪ್ಪಾಗಿ ಗಿಡಗಳು ಒಂದೊಂದಾಗಿ ಬಿದ್ದವು. ಉಳಿದ ಎರಡು ಗಿಡಗಳ ಕಾಂಡ ಉದ್ದುದ್ದ ಬೆಳೆದು, ಎಲೆಯಲ್ಲಿ ಮೊದಲಿನ ಘಮವಿಲ್ಲ. ನೆರಳಿದ್ದರೂ ಮೇ ತಿಂಗಳಲ್ಲಿ ಅವುಗಳ ಎಲೆಗಳು ಸುಟ್ಟಂತಾದವು. ಮರುಗ ಉಳಿಯಲೇ ಇಲ್ಲ. ದೊಡ್ಡಪತ್ರೆಯ ಆಸೆ ಬಿಟ್ಟು ಬೇರೇನಾದರೂ ಹಾಕಬೇಕೆ?

ಉತ್ತರ: ದೊಡ್ಡಪತ್ರೆಯನ್ನು ಉಳಿಸಿಕೊಳ್ಳಿ, ಕೆರೆಗೋಡನ್ನೂ ಸಂಜೆಯ ನೀರನ್ನೂ ಬಿಡಿ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುವ ಈ ಗಿಡ ಅರೆನೆರಳನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ, ಆದರೆ ಬೇರಿನಲ್ಲಿ ನಿಲ್ಲುವ ನೀರನ್ನು ತಾಳಿಕೊಳ್ಳುವುದಿಲ್ಲ. ಅದರ ಎಲೆಯನ್ನು ಮುರಿದು ನೋಡಿದರೆ ಕಾರಣ ತಿಳಿಯುತ್ತದೆ: ಎಲೆ, ಎಳೆಯ ಕಾಂಡ ಎರಡೂ ರಸಭರಿತವಾಗಿದ್ದು, ಗಿಡವು ತನಗೆ ಬೇಕಾದ ನೀರನ್ನು ಅಲ್ಲಿಯೇ ಕೂಡಿಟ್ಟುಕೊಂಡಿರುತ್ತದೆ. ಕೆರೆಗೋಡು ಅತಿ ನಯವಾದ, ತೇವ ಹಿಡಿದಿಡುವ ಮಣ್ಣು. ನಮ್ಮ ಸೀಮೆಯ ಹಗುರವಾದ ಕೆಂಪು ಹೊಲಕ್ಕೆ, ರಾಗಿಗೆ, ಹಿಪ್ಪುನೇರಳೆಗೆ ಅದು ವರವಾಗಿರುವುದು ಆ ಗುಣದಿಂದಲೇ. ಬಿಸಿಲು ಬೀಳದ ಪಾತಿಯಲ್ಲಿ ಅದೇ ಗುಣ ಮುಳುವಾಗುತ್ತದೆ; ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರೇ ತುಂಬಿಕೊಂಡು ಬೇರು ಉಸಿರು ಕಟ್ಟಿದಂತಾದಾಗ, ಬುಡ ಕೊಳೆಸುವ ಶಿಲೀಂಧ್ರಗಳಿಗೆ ದಾರಿ ತೆರೆಯುತ್ತದೆ.

ಗಿಡಗಳು ದೀಪಾವಳಿಯ ನಂತರವೇ ಏಕೆ ಬಿದ್ದವು, ನೆರಳಿನಲ್ಲಿದ್ದ ಎಲೆ ಮೇ ತಿಂಗಳಲ್ಲಿ ಏಕೆ ಸುಟ್ಟಿತು ಎಂಬ ಎರಡು ಒಗಟುಗಳಿಗೂ ಉತ್ತರ ಆ ಗೋಡೆಯಲ್ಲಿದೆ. ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಆದ್ದರಿಂದ ಆ ನಾಲ್ಕು ತಿಂಗಳು ಗೋಡೆಯ ಉತ್ತರ ಮಗ್ಗುಲಿನಲ್ಲಿರುವ ನಿಮ್ಮ ಪಾತಿಗೆ ನೇರ ಬಿಸಿಲೇ ಬೀಳುತ್ತದೆ. ಆಮೇಲೆ ಅವನು ದಕ್ಷಿಣಕ್ಕೆ ವಾಲುತ್ತ ಹೋಗಿ, ಡಿಸೆಂಬರ್ ಕೊನೆಯ ಹೊತ್ತಿಗೆ 20 ಅಡಿ ಎತ್ತರದ ಗೋಡೆಯೊಂದು ನಡು ಮಧ್ಯಾಹ್ನದಲ್ಲಿಯೂ ಸುಮಾರು 15 ಅಡಿ ನೆರಳು ಚೆಲ್ಲುತ್ತದೆ. ಹೀಗಾಗಿ ನಿಮ್ಮದು ವರ್ಷವಿಡೀ ನೆರಳಿನ ಜಾಗವಲ್ಲ. ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ನೆರಳು ಕಾಣುವ ಜಾಗ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಪಾತಿಯಿಂದ ಬಿಸಿಲು ಜಾರುತ್ತಿರುವ ಹೊತ್ತಿನಲ್ಲೇ. ಹಸಿ ಆರದ ಆ ಮಣ್ಣಿಗೆ ನೀವು ದಿನಕ್ಕೆರಡು ಸಲ ನೀರನ್ನೂ ಹಾಕಿದಿರಿ. ಮೇ ತಿಂಗಳ ಕಥೆ ಇದರ ತದ್ವಿರುದ್ಧ: ಚಳಿಗಾಲವಿಡೀ ನೆರಳಿನಲ್ಲಿ ಬೆಳೆದು ತೆಳುವಾಗಿದ್ದ ಎಲೆಯ ಮೇಲೆ ಕಡು ಬೇಸಿಗೆಯ ಬಿಸಿಲು ಬಿದ್ದಿತು.

ಉಳಿದಿರುವ ಗಿಡಗಳ ಆರೋಗ್ಯವಂತ ತುದಿಗಳಿಂದ ನಾಲ್ಕೈದು ಅಂಗುಲದ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿಕೊಳ್ಳಿ. ಕಪ್ಪು ಛಾಯೆ ಕಂಡ ಕಾಂಡವನ್ನು ಎಷ್ಟೇ ಹಸಿರಾಗಿದ್ದರೂ ಬಳಸಬೇಡಿ. ಕೆಳಗಿನ ಎಲೆಗಳನ್ನು ತೆಗೆದು, ಕತ್ತರಿಸಿದ ಬಾಯಿ ಆರುವಂತೆ ಒಂದು ದಿನ ನೆರಳಿನಲ್ಲಿಟ್ಟು ನೆಟ್ಟರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತವೆ. ಈ ಕೆಲಸಕ್ಕೆ ಜೂನ್, ಜುಲೈ ಒಳ್ಳೆಯ ಕಾಲ, ಏಕೆಂದರೆ ನೆರಳು ಕವಿಯುವ ಮುಂಚೆ ಗಿಡ ಬೇರೂರಿರುತ್ತದೆ. ಹಳೆಯ ಪಾತಿಯ ಮಣ್ಣನ್ನು ಒಂದು ಅಡಿ ಆಳದವರೆಗೆ ತೆಗೆದುಬಿಡಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರವಾಗಿ ಏರುಮಡಿ ಕಟ್ಟಿ. ಈಗ ಸಿಗುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು ತಾನೇ. ಅದನ್ನು ಬಳಸುವುದಾದರೆ ತೊಳೆದು ಬಳಸಿ, ಇಲ್ಲವಾದರೆ ಅದರಲ್ಲಿರುವ ಕಲ್ಲಿನ ಹುಡಿ ಮಣ್ಣನ್ನು ಸಿಮೆಂಟಿನಂತೆ ಬಿಗಿಸುತ್ತದೆ. ಮಡಿಯನ್ನು ಗೋಡೆಯ ಬುಡಕ್ಕೆ ತಾಗಿಸದೆ, ಜಾಗವಿದ್ದಷ್ಟು ಉತ್ತರಕ್ಕೆ ಸರಿಸಿ. ಎರಡು ಮೂರು ಗಿಡಗಳನ್ನಂತೂ ಕುಂಡದಲ್ಲಿಯೇ ಬೆಳೆಸಿ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬೆಳಗಿನ ಬಿಸಿಲಿರುವ ಕಡೆಗೂ, ಮೇ ತಿಂಗಳ ಉರಿಯಲ್ಲಿ ಮಧ್ಯಾಹ್ನದ ನೆರಳಿಗೂ ಎತ್ತಿಡಬಹುದು. ನನ್ನನ್ನು ಕೇಳಿದರೆ ನಿಮ್ಮಂಥ ಹಿತ್ತಲಿಗೆ ಪಾತಿಗಿಂತ ಕುಂಡವೇ ಮೇಲು.

ನೀರಿಗೆ ಗಡಿಯಾರ ನೋಡಬೇಡಿ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಬೆಳಗಿನ ಹೊತ್ತು ಹಾಕಿ. ಬೇಸಿಗೆಯಲ್ಲಿ ಅದು ಎರಡು ದಿನಕ್ಕೊಮ್ಮೆ ಆಗಬಹುದು, ಡಿಸೆಂಬರ್‌ನಲ್ಲಿ ವಾರಕ್ಕೊಮ್ಮೆಯೂ ಸಾಕಾಗಬಹುದು. ಕೋಲಾರದ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದು ಕಂಡರೆ, ಹಿಡಿದಿಟ್ಟ ಮಳೆನೀರನ್ನು ತಳದ ತೂತಿನಿಂದ ಹರಿದುಹೋಗುವಷ್ಟು ಧಾರಾಳವಾಗಿ ಒಮ್ಮೆ ಹಾಕಿ ಉಪ್ಪನ್ನು ತೊಳೆಯಿರಿ.

ಘಮದ ವಿಚಾರ. ದೊಡ್ಡಪತ್ರೆಯ ಖಾರವಾದ ವಾಸನೆಗೆ ಮುಖ್ಯ ಕಾರಣ ಅದರ ಎಲೆಯ ತೈಲದಲ್ಲಿರುವ ಕಾರ್ವಕ್ರಾಲ್ ಮತ್ತು ಥೈಮಾಲ್. ಥೈಮಾಲ್ ಓಮದಲ್ಲಿಯೂ ಇರುವುದರಿಂದಲೇ ಎಲೆ ಹಿಚುಕಿದಾಗ ಓಮದ ನೆನಪಾಗುತ್ತದೆ. ಬೆಳಕು ಸಾಲದಾದಾಗ ಗಿಡ ಬೆಳಕನ್ನು ಹುಡುಕುತ್ತ ಗೆಣ್ಣುಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಂಡು, ಅಗಲವಾದ ತೆಳು ಎಲೆಗಳನ್ನು ಬಿಡುತ್ತದೆ. ಅಂಥ ಎಲೆಯ ಘಮ ಪೇಲವ. ಗೊಬ್ಬರವನ್ನೂ ನೀರನ್ನೂ ಹೆಚ್ಚಿಸಿದರೆ ಸೊಪ್ಪು ಇನ್ನಷ್ಟು ಸಪ್ಪೆಯಾಗುತ್ತದೆಯೇ ಹೊರತು ಘಮ ಬರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆ ಬೆಳಗಿನ ಬಿಸಿಲು ಸಿಗುವಂತೆ ಮಾಡಿ, ಮೂರು ವಾರಕ್ಕೊಮ್ಮೆ ತುದಿ ಚಿವುಟಿ ಬಜ್ಜಿಗೋ ಚಟ್ನಿಗೋ ಬಳಸುತ್ತಿದ್ದರೆ ಪಕ್ಕದ ಚಿಗುರು ಒಡೆದು ಗಿಡ ಗುಂಪಾಗಿ ನಿಲ್ಲುತ್ತದೆ. ಎಲೆಯಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ಆಮೇಲೆ ಒಂದು ವಾರ ಎಲೆ ಕೀಳಬೇಡಿ.

ಮರುಗ ಸತ್ತದ್ದಕ್ಕೆ ಬೇಸರ ಪಡಬೇಕಾಗಿಲ್ಲ. ಅದು ಬಿಸಿಲಿನ ಗಿಡ, ತಾರಸಿಯ ಮೇಲೆ ಕುಂಡದಲ್ಲಿಟ್ಟರೆ ಬದುಕುತ್ತದೆ. ಹಿತ್ತಲಿನ ನಲ್ಲಿಯ ಬಳಿ ಸದಾ ತೇವವಿರುವ ಮೂಲೆಯೇನಾದರೂ ಇದ್ದರೆ ಅಲ್ಲಿಗೆ ಪುದೀನ ಹಾಕಿ. ಅಡುಗೆಗೆ ತಂದ ಕಟ್ಟಿನಲ್ಲಿ ಎಲೆ ಬಿಡಿಸಿಕೊಂಡ ಗಟ್ಟಿ ಕಡ್ಡಿಗಳನ್ನು ನೆಟ್ಟರೂ ಚಿಗುರುತ್ತವೆ. ದೊಡ್ಡಪತ್ರೆ ಒಲ್ಲದ ತೇವವೇ ಅದಕ್ಕೆ ಬೇಕು, ಅರೆನೆರಳೂ ಒಗ್ಗುತ್ತದೆ. ಆದರೆ ಅದು ನೆಲದಡಿಯಲ್ಲಿ ಹಬ್ಬುತ್ತ ಅಕ್ಕಪಕ್ಕದ ಜಾಗವನ್ನೆಲ್ಲ ಆಕ್ರಮಿಸುವುದರಿಂದ ತಳ ತೂತಾದ ಹಳೆಯ ಬಕೆಟ್ಟಿನಲ್ಲೋ ಟಬ್ಬಿನಲ್ಲೋ ನೆಟ್ಟು, ಅದನ್ನು ಹಾಗೆಯೇ ಮಣ್ಣಿನಲ್ಲಿ ಹೂತಿಡಿ.