ಕಲಬುರಗಿಯಲ್ಲಿ ಹಳೆಯ ದಾಲ್ ಮಿಲ್ ಶೆಡ್ ಸಿಕ್ಕಿದೆ. ಅದರೊಳಗೆ ಕಾರಿನ ಫೋಟೊ ತೆಗೆಯಲು ಲೈಟ್ ಹೇಗೆ ಹಾಕಲಿ?

ಲೈಟನ್ನು ನೇರವಾಗಿ ಕಾರಿನ ಮೇಲೆ ಬಿಡಬೇಡಿ. ಪೇಂಟ್ ಕನ್ನಡಿ ಇದ್ದಂತೆ, ಬಲ್ಬ್ ಹಾಕಿದರೆ ಬಲ್ಬೇ ಕಾಣುತ್ತದೆ. ಕಾರಿಗಿಂತ ಉದ್ದ, ಅಗಲ ಇರುವ ಬಿಳಿ ಬಟ್ಟೆಯನ್ನು ಮೇಲೆ ಬಿಗಿಯಾಗಿ ಕಟ್ಟಿ, ಅದರ ಮೇಲಿನಿಂದ ಎಲ್‌ಇಡಿ ಬೆಳಕು ಬಿಡಿ. ಸುಕ್ಕಿದ್ದರೆ ಅದೂ ಬಾನೆಟ್ ಮೇಲೆ ಮೂಡುತ್ತದೆ. ಬಟ್ಟೆಯ ಅಂಚಿನ ಪ್ರತಿಬಿಂಬ ಕಾರಿನ ಮೇಲೆ ಎಲ್ಲಿ ಬೀಳುತ್ತದೆ ಅಂತ ಕ್ಯಾಮೆರಾದಲ್ಲೇ ನೋಡಿ, ಆಚೀಚೆ ಸರಿಸಿ. ಮುಕ್ಕಾಲು ಕೆಲಸ ಇದೇ. ಕಪ್ಪು ಕಾರಾದರೆ ಕಾಟ ಇನ್ನೂ ಜಾಸ್ತಿ.

ಶೆಡ್ಡಿನ ಟ್ಯೂಬ್‌ಲೈಟ್ ಆರಿಸಿ, ಬಾಗಿಲು ಮುಚ್ಚಿ. ಎಲ್ಲ ಲೈಟೂ 5500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು) ಆಸುಪಾಸಿರಲಿ, ಇಲ್ಲದಿದ್ದರೆ ಬಣ್ಣ ಕಲಸಿಹೋಗುತ್ತದೆ. ಟ್ರೈಪಾಡ್, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್/8 (ಲೆನ್ಸ್ ತೆರೆಯುವ ಅಳತೆ) ಸಾಕು. ಚಕ್ರ ಕಪ್ಪಾಗಿ ಕಂಡರೆ ಬೆಳಕು ಅದರ ಮೇಲೆ ಚಿಮ್ಮುವಂತೆ ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ನೆಲಕ್ಕೆ ಬೂದು ಬಣ್ಣದ ಶಹಾಬಾದ್ ಕಲ್ಲಿದ್ದರೆ ಹಾಗೇ ಬಿಡಿ, ಚೆಂದ ಕಾಣುತ್ತದೆ. ನಮ್ಮ ಕಡೆಯ ಧೂಳು ಗೊತ್ತಲ್ವಾ? ಪ್ರತಿ ಶಾಟ್‌ಗೂ ಮುಂಚೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.